ಚಾಚಿ ಕಲಿಸಿದ ಉರ್ದು

ನನಗೆ ಎಂಟು ವರ್ಷವಿದ್ದಾಗ ನಮ್ಮ ಕಮಲಾಪುರದಲ್ಲಿ ನಿಜಾಮರ ಆಳ್ವಿಕೆಯಿತ್ತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ಅಪ್ಪನಿಗೆ ಉರ್ದು ಬರುತ್ತಿರಲಿಲ್ಲ. ನನಗೆ ಸಲೀಸಾಗಿ ಬರುತ್ತಿತ್ತು. ಪಕ್ಕದ ಮನೆಯ ಚಾಚಿ ಕಲಿಸಿದ್ದಳು. ಮೊಹರಮ್ಮಿಗೆ ಆಕೆ ಮಾಡುವ ಬೆಲ್ಲದ ಸಿಹಿರೊಟ್ಟಿ ಚೊಂಗೆಯ ವಾಸನೆ ಹಿಡಿದು ಹೋದರೆ, ಒಂದು ಹೊಸ ಪದ ಸರಿಯಾಗಿ ಹೇಳಿದ ಮೇಲೆಯೇ ಬಿಸಿ ತುಂಡು ಕೈಗೆ ಬರುತ್ತಿತ್ತು.

ಎರಡೂ ಮನೆಯ ಹೊಲಗಳ ನಡುವೆ ಕೆಂಪು ಬಾಳೆಯ ಒಂದು ತೋಟವಿತ್ತು. ನಮ್ಮ ಅಜ್ಜ, ಅವರ ಅಜ್ಜ ಕೂಡಿ ನೆಟ್ಟದ್ದು. ಆ ವರ್ಷ ಅದು ಯಾರದೆಂದು ಜಗಳ ಹತ್ತಿತು. ಚಾಚಿಯ ಗಂಡ ಚಾಚಾನನ್ನು ‘ಅಣ್ಣಾ’ ಎನ್ನುತ್ತಿದ್ದ ಅಪ್ಪ ‘ಆ ಸಾಬ’ ಎನ್ನತೊಡಗಿದ. ಅವರ ಬಾಯಲ್ಲಿ ನಾವು ‘ಆ ಲಿಂಗಾಯತರು’ ಆದೆವು.

ಆಗ ನಿಜಾಮರ ರಾಜ್ಯದವರಿಗೆ ಮುಲ್ಕಿ, ಹೊರಗಿನವರಿಗೆ ಗೈರ್‌ಮುಲ್ಕಿ ಎನ್ನುತ್ತಿದ್ದರು. ಹೊರಗಿನವರ ಮಾತು ಕಚೇರಿಯಲ್ಲಿ ನಡೆಯದೆಂದು ಯಾರೋ ಅಪ್ಪನ ಕಿವಿಯಲ್ಲಿ ಊದಿದರು. ಚಾಚಾ ಹಣ್ಣು ಮಾರಲು ಗಡಿಯಾಚೆ ಬ್ರಿಟಿಷರ ಸೊಲ್ಲಾಪುರಕ್ಕೆ ಹೋಗಿಬರುತ್ತಿದ್ದ, ಅಷ್ಟೇ.

ಕಲಬುರಗಿಯ ಕಚೇರಿಗೆ ಗಾಡಿಯಲ್ಲಿ ಹೋಗುವಾಗ ಅಪ್ಪ ನನಗೆ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಸಿದ. ಶರಣಬಸವೇಶ್ವರ ಗುಡಿಯ ಮುಂದೆ ಇಳಿದು ಕೈ ಮುಗಿದ. “ಇಷ್ಟ ಹೇಳು. ಹೆಚ್ಚಿಗಿ ಮಾತಾಡಬ್ಯಾಡ,” ಎಂದ.

ಕಚೇರಿಯಲ್ಲಿ ಮಸಿಯ ವಾಸನೆ, ಅತ್ತರಿನ ವಾಸನೆ. ಅಪ್ಪನ ಪರವಾಗಿ ನಾನೇ ನಿಂತೆ.

“ಬೋಲೋ ಬೇಟಿ,” ಎಂದರು ಸಾಹೇಬರು.

“ವೊ ಲೋಗ್ ಗೈರ್‌ಮುಲ್ಕಿ ಹೈಂ, ಸಾಹೇಬ್. ಸೋಲಾಪುರ್ ಸೇ ಆಯೇ.”

ಅವರು ಹೊರಗಿನವರು, ಸೊಲ್ಲಾಪುರದಿಂದ ಬಂದವರು ಎಂದ ನನ್ನ ಉರ್ದು ಕೇಳಿ ಸಾಹೇಬರು ಮೆಚ್ಚಿ ತಲೆದೂಗಿದರು. ಗೋಡೆಗೆ ಒರಗಿ ನಿಂತಿದ್ದ ಚಾಚಾ ಒಮ್ಮೆ ನನ್ನನ್ನು ನೋಡಿ ತಲೆ ತಗ್ಗಿಸಿದ. ನನಗೋ ಹೆಮ್ಮೆಯಾಗಿತ್ತು. ಸುಳ್ಳಿಗಿಂತ ಆ ಹೆಮ್ಮೆಗೇ ಇವತ್ತು ನನಗೆ ಹೆಚ್ಚು ನಾಚಿಕೆ.

ತೋಟ ನಮ್ಮದಾಯಿತು. ಕೆಲವು ದಿನಗಳ ಮೇಲೆ ಬಾವಿಯ ಹತ್ತಿರ ಚಾಚಿ ಸಿಕ್ಕಳು. ಬೈಯಲಿಲ್ಲ.

“ನಾವು ಹೊರಗಿನವರು ಅಂದಿಯಂತಲ್ಲ ಯವ್ವಾ. ಎಲ್ಲಿಂದ ಬಂದೀವಿ, ನೀನ ಹೇಳು. ಅಲ್ಲಿಗೇ ಹೋಗತೀವಿ.”

ನಾನು ಕೊಡ ಅಲ್ಲೇ ಬಿಟ್ಟು ಓಡಿಬಂದೆ. ಸಾಯುವವರೆಗೂ ಚಾಚಿ ನಮ್ಮ ಓಣಿಯಲ್ಲೇ ಇದ್ದಳು. ತಪ್ಪಾಯಿತು ಎಂದು ನಾನು ಒಮ್ಮೆಯೂ ಹೇಳಲಿಲ್ಲ.

ಮೊಮ್ಮಕ್ಕಳೇ, ನೀವು ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಬೆಳೆಯುತ್ತಿರುವವರು. ಹೊಲದ ಬದು ನೀವು ಕಂಡಿಲ್ಲ, ಮುಲ್ಕಿ ಎಂಬ ಮಾತೂ ಕೇಳಿಲ್ಲ. ಆದರೂ ಮೊನ್ನೆ ಆಡುವ ಜಾಗಕ್ಕೆ ಜಗಳವಾಡಿ ಬಂದು, “ಅವರು ನಮ್ಮವರಲ್ಲ ಆಯಿ,” ಎಂದಿರಿ. ನಿಮ್ಮನ್ನು ಬೈಯಲು ನನಗೆ ನಾಲಿಗೆ ಏಳಲಿಲ್ಲ. ಅದಕ್ಕೇ ಇದನ್ನು ಹೇಳಿದೆ.