ಅವ್ವ ನನ್ನ ಹೆಸರಿಗೆ ತಟ್ಟಿದ ರೊಟ್ಟಿ

ಡಾಕ್ಟರು ನನ್ನ ಗಂಟಲು ಮುಟ್ಟಿ ನೋಡಿದರು, ಕಂಪ್ಯೂಟರಿನ ಪರದೆ ನಮ್ಮ ಕಡೆ ತಿರುಗಿಸಿದರು. "ಥೈರಾಯಿಡ್ ಗಂಟು ದೊಡ್ಡದಾಗ್ಯದ್ರೀ, ತೆಗೀಲೇಬೇಕು. ದನಿ ನರ ಅದಕ್ಕ ಅಂಟಿಕೊಂಡಂಗ ಕಾಣ್ತದ. ಆಪರೇಷನ್ ಆದಮ್ಯಾಲ ದನಿ ಇರ್ತದಂತ ನಾ ಖಾತ್ರಿ ಕೊಡಾಂಗಿಲ್ಲ" ಎಂದರು. ಪಕ್ಕದಲ್ಲಿ ಕುಳಿತಿದ್ದ ನನ್ನ ಗಂಡ ಆಸ್ಪತ್ರೆಯಲ್ಲಿ ಎಷ್ಟು ದಿನ ಇರಬೇಕು, ಊಟ ಏನು ಕೊಡಬೇಕು ಎಂದು ಏನೇನೋ ಕೇಳುತ್ತಿದ್ದರು. ನನ್ನ ಕಿವಿಗೆ ಅದ್ಯಾವುದೂ ಬೀಳಲಿಲ್ಲ. ದನಿ ಹೋಗಬಹುದು ಎಂಬುದೊಂದೇ ತಲೆಯಲ್ಲಿ ನಿಂತಿತ್ತು.

ನನ್ನ ದನಿ ಎಂಥದ್ದೆಂದು ಕಲಬುರಗಿಯ ನಮ್ಮ ಚರ್ಚಿನ ಸಭೆಯವರನ್ನು ಕೇಳಬೇಕು. ಯಾರ ಮನೆಯಲ್ಲಿ ಪ್ರಾರ್ಥನಾಕೂಟ ಇದ್ದರೂ ಕೊನೆಗೆ "ಅಕ್ಕೋರು ಪ್ರಾರ್ಥನಾ ಮಾಡ್ಲಿ" ಎನ್ನುವರು. ನಾನು ತಲೆಗೆ ಸೆರಗು ಹೊದ್ದು ಎದ್ದು ನಿಂತೆನೆಂದರೆ ಆ ಮನೆಯವರ ಚಹಾ ಆರಿಹೋಗುತ್ತಿತ್ತು. "ದೇವರಿಗೇನು ಕಿವಿ ಮಂದ ಅದಾವೇನು?" ಎಂದು ಗಂಡ ಕೆಣಕಿದರೆ, "ದೇವರಿಗಲ್ಲ, ನಿಮಗ ಕೇಳಸ್ಲಿ ಅಂತ" ಎಂದು ನಾನೂ ಬಿಡುತ್ತಿರಲಿಲ್ಲ. ಆದರೆ ಮನೆಯಲ್ಲಿ ಒಬ್ಬಳೇ ಕುಳಿತು ಸದ್ದಿಲ್ಲದೆ ಕಣ್ಣು ಮುಚ್ಚಿದರೆ ಒಲೆಯ ಮೇಲಿನ ಹಾಲು, ನಲ್ಲಿಗೆ ಬರಬೇಕಾದ ನೀರು, ಇಸ್ತ್ರಿಗೆ ಕೊಟ್ಟ ಸೀರೆ ಎಲ್ಲ ಒಂದೊಂದಾಗಿ ಬಂದು ಕೂರುತ್ತಿದ್ದವು. ಜನರ ನಡುವೆ ಗಟ್ಟಿಯಾಗಿ ಮಾಡುವುದೊಂದೇ ನನಗೆ ಗೊತ್ತಿದ್ದ ಪ್ರಾರ್ಥನೆ.

ಸಾವಿಗೆ ಹೆದರಲಿಲ್ಲ ಎಂದರೆ ಸುಳ್ಳಾದೀತು. ಹೆದರಿದ್ದೆ. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು, ಹೇಳಿದರೆ ನಗುತ್ತೀರಿ. ದನಿಯೇ ಹೋದರೆ ದೇವರಿಗೆ ನಾನು ಕೇಳಿಸುವುದಾದರೂ ಹೇಗೆ? ಸಭೆಯವರು ಬ್ರಹ್ಮಪುರ ಓಣಿಯ ನಮ್ಮ ಮನೆಗೆ ಬಂದು ನನಗಾಗಿ ಪ್ರಾರ್ಥಿಸಿದರು. ಕೊನೆಗೆ ರೂಢಿಯಂತೆ ನನ್ನ ಕಡೆ ನೋಡಿದರು. "ಕರ್ತನೇ" ಎಂದೆ. ಮುಂದಿನ ಮಾತು ಬರಲೇ ಇಲ್ಲ. ಅಲ್ಲೇ ಕುಳಿತುಬಿಟ್ಟೆ.

ಆಪರೇಷನ್ನಿಗೆ ಮೊದಲು ಅವ್ವನನ್ನು ನೋಡಿ ಬರೋಣವೆಂದು ಕಮಲಾಪುರದ ಬಸ್ಸು ಹತ್ತಿದೆ. ಅವ್ವ ಅಲ್ಲಿ ನನ್ನ ಅಣ್ಣನ ಮನೆಯಲ್ಲಿರುತ್ತಾಳೆ. ಬಸ್ಸಿನಲ್ಲಿ ಹಿಂದಿನ ಸೀಟಿನವಳು ದಾರಿಯುದ್ದಕ್ಕೂ ಫೋನಿನಲ್ಲಿ ಸೊಸೆಯನ್ನು ಬೈಯುತ್ತಿದ್ದಳು. ಬೇರೆ ದಿನವಾಗಿದ್ದರೆ ತಿರುಗಿ ನೋಡಿ ಒಂದು ಮಾತು ಆಡುತ್ತಿದ್ದೆ. ಅಂದು ಅವಳ ಗಂಟಲಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಅವ್ವ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಜೀವಮಾನದಲ್ಲಿ ಒಮ್ಮೆಯೂ ಸಭೆಯಲ್ಲಿ ಬಾಯಿಬಿಟ್ಟು ಪ್ರಾರ್ಥಿಸಿದವಳಲ್ಲ ಅವಳು. ಪಾಸ್ಟರು ಕೇಳಿದರೆ "ನಂಗ ಬರಾಂಗಿಲ್ರೀ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವಳು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿ ಅತ್ತೆ. ಅವಳ ಕೈ ನಿಲ್ಲಲಿಲ್ಲ. ಕೈಯೊಳಗಿನ ರೊಟ್ಟಿ ಹಂಚಿಗೆ ಹಾಕಿದ ಮೇಲೆಯೇ ನನ್ನ ಕಡೆ ತಿರುಗಿದಳು.

"ನಡುವ ಬಿಡಾಕ ಬರಾಂಗಿಲ್ಲವ್ವ. ಅದು ನಿಮ್ಮಣ್ಣಂದಿತ್ತು."

"ಅಣ್ಣಂದು ಅಂದ್ರ?"

"ರೊಟ್ಟಿ ತಟ್ಟೋತನಾ ಒಬ್ಬೊಬ್ಬರನ್ನ ದೇವರ ಮುಂದ ಇಡ್ತೀನಿ. ಒಂದು ರೊಟ್ಟಿಗಿ ಒಬ್ಬರು. ನಿನ್ನಂಗ ನಿಂತು ಹೇಳಾಕ ನಂಗೆಲ್ಲಿ ಬರ್ತದ."

"ಮಂದಿ ಹೆಚ್ಚಿಗಿ ಆದ್ರ?"

"ರೊಟ್ಟಿನೂ ಹೆಚ್ಚಿಗಿ."

ನನ್ನದು ಯಾವುದು ಎಂದು ಕೇಳಲು ಹೆದರಿಕೆಯಾಯಿತು. ಅವಳೇ ಹೇಳಿದಳು. "ನಿಂದು ಮೊದಲ್ನೇದು. ನೀ ಲಗ್ನಾಗಿ ಹೋದಾಗಿಂದ ದಿನಾ." ಇಷ್ಟು ವರ್ಷ ಅವಳು ಅಡುಗೆ ಮಾಡುತ್ತಿದ್ದಾಳೆ ಎಂದಷ್ಟೇ ನಾನು ತಿಳಿದಿದ್ದೆ.

ಕೈ ತೊಳೆದು ಬರಲು ಹೇಳಿ ಒಂದು ಉಂಡೆ ನನ್ನ ಮುಂದೆ ಇಟ್ಟಳು. ನನಗಾಗಿ ನಾನೇ ತಟ್ಟಿಕೊಳ್ಳತೊಡಗಿದೆ. ಅರ್ಧ ಅಗಲವಾಗುವಷ್ಟರಲ್ಲಿ ರೊಟ್ಟಿ ನಡುವೆ ಹರಿಯಿತು.

"ಅವ್ವಾ, ನಂದೇ ಹರೀತು."

"ಹಿಟ್ಟಿಗಿ ನೀರು ಕಮ್ಮಿ ಆಗ್ಯದ. ಮತ್ತ ನಾದು. ಅದನ್ಯಾಕ ಒಯ್ದು ದೇವರ ಮ್ಯಾಲ ಹಾಕ್ತಿ?"

ಬ್ರಹ್ಮಪುರಕ್ಕೆ ಮರಳಿದ ಮೇಲೆ ನಾನೂ ಹಾಗೆಯೇ ಮಾಡಿದೆ. ಪ್ರಾರ್ಥನೆಗೆ ಟೈಮೇ ಸಿಗುವುದಿಲ್ಲ ಎಂದು ಗೋಳಾಡುವವರು ನಮ್ಮವರಲ್ಲಿ ಬಹಳ. ಅವರಿಗೆ ನಾನೀಗ ಹೇಳುವುದು ಇಷ್ಟೇ: ರೊಟ್ಟಿ ತಟ್ಟುವುದಕ್ಕೆ ಟೈಮು ಸಿಗುತ್ತದಲ್ಲ? ಬಟ್ಟೆ ಹಿಂಡುವುದಕ್ಕೆ, ಬಸ್ಸಿಗೆ ಕಾಯುವುದಕ್ಕೆ? ಅಷ್ಟರಲ್ಲೇ ಒಬ್ಬರನ್ನು ದೇವರ ಮುಂದೆ ಇಡಿ. ಹೆದರಿಕೆ ಹೋಗುತ್ತದೆ ಎಂದು ಮಾತ್ರ ನನ್ನ ಬಾಯಿಂದ ಬರುವುದಿಲ್ಲ. ನನ್ನದು ಹೋಗಲಿಲ್ಲ. ಕೈಗೆ ಹಿಟ್ಟು ಮೆತ್ತಿಕೊಂಡು, ಹೆದರಿಕೊಂಡೇ ದಿನವೂ ದೇವರ ಹತ್ತಿರ ಹೋಗುತ್ತಿದ್ದೆ.

ಆಪರೇಷನ್ ದಿನ ಬೆಳಿಗ್ಗೆ ಸ್ಟ್ರೆಚರ್ ಮೇಲೆ ಒಳಗೆ ಒಯ್ದರು. ಆ ತಣ್ಣನೆಯ ಕೋಣೆ, ಮುಖದ ಮೇಲೆಯೇ ದೊಡ್ಡ ದೀಪ. ಒಂದು ಕೈಗೆ ಸೂಜಿ ಚುಚ್ಚಿದ್ದರು. ಇನ್ನೊಂದು ಕೈ ತಾನಾಗಿ ತೊಡೆಯ ಮೇಲೆ ತಟ್ಟತೊಡಗಿತು. ಮೊದಲು ಗಂಡನಿಗೆ. ಆಮೇಲೆ ಡಾಕ್ಟರಿಗೆ, ಅವರ ಬೆರಳು ಜಾರದಿರಲಿ ಎಂದು. "ಚಳಿ ಆಗಾಕತ್ತದೇನ್ರೀ?" ಎಂದ ನರ್ಸಿಗೂ ಒಂದು ತಟ್ಟಿದೆ. ನನ್ನದು ಉಳಿದಿತ್ತು. ಅಷ್ಟರಲ್ಲಿ ಮಂಪರು ಬಂದು ಕೈ ನಿಂತಿತು.

ಎಚ್ಚರವಾದಾಗ ನರ್ಸು ಬಗ್ಗಿ, "ಅಕ್ಕೋರೆ, ನಿಮ್ಮ ಹೆಸರು ಹೇಳ್ರೀ" ಎಂದಳು. ಹೇಳಿದೆ. ಬರೀ ಗಾಳಿ ಬಂತು. ಮತ್ತೆ ಪ್ರಯತ್ನಿಸಿದೆ, ಮತ್ತೆ ಗಾಳಿ. ಡಾಕ್ಟರು ಬಂದು ನೋಡಿ, "ನರ ಉಳ್ಸೀವ್ರೀ. ಬಂದ್ರೂ ಬರಬಹುದು, ಕಾಯಬೇಕು" ಎಂದರು. ಬರದಿದ್ದರೆ ಎಂದು ಕೇಳಲೂ ನನ್ನ ಹತ್ತಿರ ದನಿ ಇರಲಿಲ್ಲ. ಅಂಥ ಹೆದರಿಕೆಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ನನ್ನ ರೊಟ್ಟಿಯನ್ನು ನಾನು ತಟ್ಟಲೇ ಇಲ್ಲವಲ್ಲ ಎಂಬುದೇ ಮತ್ತೆ ಮತ್ತೆ ನೆನಪಾಗುತ್ತಿತ್ತು.

ಮಧ್ಯಾಹ್ನ ಅವ್ವ ಅಣ್ಣನ ಜೊತೆ ಕಮಲಾಪುರದಿಂದ ಬಂದಳು. ಚೀಲದಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಒಳಗೆ ಒಂದೇ ಒಂದು ರೊಟ್ಟಿ.

"ಅತ್ತೀ, ಅಕಿಗಿ ನೀರು ನುಂಗಾಕೂ ಆಗವಲ್ದು. ರೊಟ್ಟಿ ಯಾಕ ತಂದ್ರಿ?" ಎಂದರು ನನ್ನ ಗಂಡ.

"ತಿನ್ನಾಕಲ್ಲಪ್ಪ. ಇವತ್ತ ಮುಂಜಾನಿ ಅಕಿದು ಅಂತ ತಟ್ಟಿದ್ದು. ತಟ್ಟೀನಂತ ಅಕಿಗಿ ಗೊತ್ತಾಗ್ಲಿ."

ಅದನ್ನು ನನ್ನ ಕೈಯ ಪಕ್ಕದಲ್ಲಿ ಇಟ್ಟಳು. ಬೆರಳು ತಾಗಿಸಿದೆ. ಅವ್ವಾ ಎಂದು ಕರೆಯಲು ಬಾಯಿ ತೆರೆದೆ. ಗಾಳಿಯೂ ಸರಿಯಾಗಿ ಬರಲಿಲ್ಲ, ಕಣ್ಣೀರು ಮಾತ್ರ ಕಿವಿಯವರೆಗೆ ಇಳಿಯಿತು. ಇನ್ನೊಮ್ಮೆ ಬಾಯಿ ತೆರೆದೆ.

ಅವ್ವ ನನ್ನ ಹೊದಿಕೆ ಸರಿಮಾಡುತ್ತ, "ಕೇಳ್ತು" ಎಂದಳು. "ಈಗ ಮಲ್ಕೋ."