ಎಂಬತ್ತಾರು ಮೆಟ್ಟಿಲು, ಒಂದು ಟ್ಯೂಬ್ ರಕ್ತ

ಬೆಳಗಿನ ಐದೂವರೆ. ಮಕ್ಕಳ ವಾರ್ಡಿನಲ್ಲಿ ಒಂದೇ ದೀಪ ಉರಿಯುತ್ತಿದೆ. ಒಂಬತ್ತು ವರ್ಷದ ಹುಡುಗಿಯ ಮೊಣಕೈ ಮಡಿಕೆಯಲ್ಲಿ ಬೆರಳಿಟ್ಟು ಆಕೆ ನರ ಹುಡುಕುತ್ತಿದ್ದಾರೆ.

"ಅಜ್ಜಿ, ಬೇಗ ಮುಗಿಸಿ."

"ಬೇಗ ಬೇಕಿದ್ರೆ ಸೊಳ್ಳೆನ ಕರಿ. ನಾನು ನಿಧಾನ."

ಆಸ್ಪತ್ರೆಯವರಿಗೆಲ್ಲ ಆಕೆ ನಿಧಾನಕ್ಕ. ಇಪ್ಪತ್ತೆಂಟು ವರ್ಷಗಳಿಂದ ರಕ್ತ ತೆಗೆಯುವುದೇ ಕೆಲಸ. ದಿನಕ್ಕೆ ಮೂವತ್ತು ತೋಳುಗಳು. ಉಳಿದ ಟ್ಯೂಬ್‌ಗಳು ಲಿಫ್ಟಿನಲ್ಲಿ ಹೋಗುತ್ತವೆ. ಪ್ಲೇಟ್‌ಲೆಟ್ ಪರೀಕ್ಷೆಯದ್ದನ್ನು ಮಾತ್ರ ಆಕೆ ಕೈಯಲ್ಲಿ ಹಿಡಿದು ಎಂಬತ್ತಾರು ಮೆಟ್ಟಿಲು ಇಳಿಯುತ್ತಾರೆ. ಲಿಫ್ಟ್ ನಿಲ್ಲುವಾಗ ಕುಲುಕುತ್ತದೆ, ಕುಲುಕಿದರೆ ಪರೀಕ್ಷೆ ಕೆಡುತ್ತದೆ.

ಗಾಯದಲ್ಲಿ ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್‌ಗಳ ಮೈಮೇಲೆ ಕೊಕ್ಕೆಯಂಥ ಅಣುಗಳಿವೆ. ಹರಿವು ಜಗ್ಗಿದಾಗ ಅವು ಬಿಗಿಯಾಗಿ ಹಿಡಿಯುತ್ತವೆ. ಸೆಳೆತ ಅತಿಯಾದರೆ ಕಳಚಿಬೀಳುತ್ತವೆ.

"ಹೊಳೆ ದಾಟೋವಾಗ ಮಗು ಕೈ ಹಿಡ್ಕೊಳ್ಳಲ್ವಾ, ಹಾಗೆ," ಎನ್ನುತ್ತಾರೆ ನಿಧಾನಕ್ಕ. "ನೀರು ಎಳೆದಷ್ಟೂ ಬಿಗಿ. ತೀರಾ ಎಳೆದ್ರೆ ಕೈಯೇ ಬಿಟ್ಟುಹೋಗುತ್ತೆ."

ಹತ್ತೊಂಬತ್ತು ವರ್ಷದ ಹಿಂದೆ, ಮಗಳ ಶಾಲೆಗೆ ಹೊತ್ತಾಯಿತೆಂದು ಒಬ್ಬರ ತೋಳಿನಿಂದ ರಕ್ತವನ್ನು ಸಿರಿಂಜಿಗೆ ರಭಸವಾಗಿ ಎಳೆದಿದ್ದರು. ಕೊಕ್ಕೆಗಳು ಹಿಡಿಯುತ್ತಿಲ್ಲ ಎಂದು ವರದಿ ಬಂತು. ಶಸ್ತ್ರಚಿಕಿತ್ಸೆ ಮುಂದೆ ಹೋಯಿತು. ಎರಡನೇ ಪರೀಕ್ಷೆ ಸರಿ ಬರುವಷ್ಟರಲ್ಲಿ ರೋಗಿ ಇರಲಿಲ್ಲ. ಯಾರೂ ಬೈಯಲಿಲ್ಲ.

"ಬೈದಿದ್ರೆ ಅವತ್ತೇ ಮುಗೀತಿತ್ತು."

ಈ ಹುಡುಗಿಗೆ ನಾಳೆ ಹೃದಯದ ಶಸ್ತ್ರಚಿಕಿತ್ಸೆ. ಮೂಗಿನಿಂದ ರಕ್ತ ಬಂದರೆ ಗಂಟೆಗಟ್ಟಲೆ ನಿಲ್ಲುವುದಿಲ್ಲ. ಪರೀಕ್ಷೆ ಸರಿ ಬಂದರೆ ಮಾತ್ರ ಡಾಕ್ಟರು ಕೈ ಹಾಕುತ್ತಾರೆ.

ಕೆಳಗಿನ ಲ್ಯಾಬಿನಲ್ಲಿ ಕೂದಲೆಳೆಯಷ್ಟು ಸಣ್ಣ ಕೊಳವೆಯಲ್ಲಿ ರಕ್ತ ಹರಿಸುತ್ತಾರೆ. ಪರದೆಯ ಮೇಲೆ ಪ್ಲೇಟ್‌ಲೆಟ್‌ಗಳು ಚುಕ್ಕಿಗಳಾಗಿ ಬರುತ್ತವೆ, ಗೋಡೆಗೆ ತಾಗುತ್ತವೆ, ಜಾರಿಹೋಗುತ್ತವೆ.

"ಹಿಡೀತಿಲ್ಲ ಅಕ್ಕಾ," ಲ್ಯಾಬಿನವರು ತಲೆಯೆತ್ತುವುದಿಲ್ಲ. "ತೆಗೆಯೋವಾಗ ಏನಾದ್ರೂ..."

"ಮೊದಲಿನ ಎರಡು ಮಿಲಿ ಚೆಲ್ಲಿದೀನಿ. ಸೂಜಿ ದಪ್ಪದ್ದೇ. ತಾನಾಗೇ ತುಂಬೋಕೆ ಬಿಟ್ಟಿದೀನಿ." ಹೊಸ ಟ್ಯೂಬ್ ಎತ್ತಿಕೊಳ್ಳುತ್ತಾರೆ. "ಆದ್ರೂ ಇನ್ನೊಂದು ತರ್ತೀನಿ."

ಮತ್ತೆ ಮೇಲೆ. ಈ ಸಲ ಎಡತೋಳು. ಹುಡುಗಿ ಮುಖ ತಿರುಗಿಸುತ್ತಾಳೆ. "ಸೊಳ್ಳೆನೇ ವಾಸಿ ಅಜ್ಜಿ." ಬಾಗಿಲಲ್ಲಿ ಅವಳ ತಾಯಿ ದಾರಿ ಬಿಡುತ್ತಾರೆ. ನಿಧಾನಕ್ಕ ಮತ್ತೆ ಎಂಬತ್ತಾರು ಮೆಟ್ಟಿಲು ಇಳಿಯುತ್ತಾರೆ, ಮೊದಲಿಗಿಂತ ನಿಧಾನ.

ಎಂಟು ಗಂಟೆಗೆ ಎರಡನೇ ಫಲಿತಾಂಶ. ಚುಕ್ಕಿಗಳು ಜಾರುತ್ತಲೇ ಇವೆ.

ನಿಧಾನಕ್ಕ ಸಿಂಕಿನ ಬಳಿ ಹೋಗಿ ಕೈ ತೊಳೆಯುತ್ತಾರೆ. ನಲ್ಲಿ ನಿಲ್ಲಿಸಿದ ಮೇಲೂ ಅಲ್ಲೇ ನಿಂತಿದ್ದಾರೆ.

"ಇವತ್ತೊಂದು ದಿನ ನನ್ನ ಕೈಯೇ ತಪ್ಪಿರಲಿ ಅಂತ ಬೇಡ್ಕೊಂಡೆ," ಎನ್ನುತ್ತಾರೆ. "ತಪ್ಪಿಲ್ಲ."