ಎತ್ತಾಗದ ನಾಯಿ

ನಮ್ಮ ಮನೆಯವರಿಗೆ ಗೊತ್ತಿರುವ ಮದ್ದು ಒಂದೇ: ಬೀಜ ಒಡೆಸುವುದು. ಯಲ್ಲದಕೆರೆಯಲ್ಲಿ ಹಾಯುವ ಹೋರಿಗಳನ್ನೆಲ್ಲ ಹಾಗೆ ಎತ್ತು ಮಾಡಿಸಿ ನೇಗಿಲಿಗೆ ಕಟ್ಟಿದ ಮನೆತನ. ಹಾಗಾಗಿ ನಮ್ಮ ನಾಯಿ, ಹೊಲದಲ್ಲಿ ಕಳೆ ಕೀಳಲು ಬರುವ ಹೆಂಗಸಿನ ಮೀನಖಂಡಕ್ಕೆ ಬಾಯಿ ಹಾಕಿದಾಗ, ಅವಳ ಗಾಯ ತೊಳೆಯುವ ಮೊದಲೇ ನನ್ನ ಗಂಡ ತೀರ್ಪು ಕೊಟ್ಟ. "ಸೊಕ್ಕು ಅಷ್ಟೆ. ಒಡಸಿದ್ರೆ ಎತ್ತಾಗ್ತೈತೆ ಬಿಡು."

ಆ ಹೆಂಗಸಿನ ಮನೆ ನಮ್ಮ ಓಣಿಯ ಕೊನೆಗಿದೆ. ಕೂಲಿಗೆ, ಅಂಗಡಿಗೆ, ಬಸ್ಸಿಗೆ, ಎಲ್ಲಿಗೆ ಹೋಗುವುದಿದ್ದರೂ ನಮ್ಮ ಬಾಗಿಲ ಮುಂದೆಯೇ ಹಾಯಬೇಕು. ಕಚ್ಚಿಸಿಕೊಂಡ ಮೇಲೆ ಅವಳು ಹಿತ್ತಲ ಕಡೆಯ ಜಾಲಿಮುಳ್ಳಿನ ಬದುವಿನ ಮೇಲೆ ಸುತ್ತಿಕೊಂಡು ಹೋಗತೊಡಗಿದಳು. ತಲೆಯ ಮೇಲೆ ಕೊಡ ಇದ್ದರೂ ಅದೇ ದಾರಿ. ಅವಳ ಪಾಡು ನೋಡಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು.

ಗಂಡ ನಾಯಿಯನ್ನು ಹಿರಿಯೂರಿನ ಪಶು ಆಸ್ಪತ್ರೆಗೆ ಒಯ್ದಾಗ ನಾನೂ ಜೊತೆಗೆ ಹೋದೆ. ಡಾಕ್ಟರಮ್ಮ ಬಿಡಿಸಿ ಹೇಳಿದರು. "ಆಪರೇಷನ್ ಮಾಡಿದ್ರೆ ಹೆಣ್ಣುನಾಯಿ ಹಿಂದೆ ಅಲೆಯೋದು, ಕಂಡಲ್ಲೆಲ್ಲ ಕಾಲೆತ್ತೋದು ಕಮ್ಮಿ ಆಗ್ಬೋದು. ಆದ್ರೆ ಕಚ್ಚೋದು ಅಭ್ಯಾಸ ಆಗಿದ್ರೆ, ಅದನ್ನ ನೀವೇ ಕೂತು ಬಿಡಿಸ್ಬೇಕು." ಈ ಮಹಾರಾಯ ಮೊದಲ ಮಾತು ಕೇಳಿದ, ಎರಡನೆಯದಕ್ಕೆ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದ.

ಆಪರೇಷನ್ ಆಯಿತು. ನಾಯಿ ಊರು ಸುತ್ತುವುದು ಬಿಟ್ಟಿತು, ಬೈಕಿನ ಚಕ್ರಗಳೂ ಒಣಗಿದವು. ಗಂಡ ಊರೆಲ್ಲ ನಾಯಿ ಎತ್ತಾದ ಕಥೆ ಹೇಳಿಕೊಂಡು ಬಂದ. ಕಚ್ಚಲು ಹೋಗುವುದು ಮಾತ್ರ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಹೇಗೆ ಕಡಿಮೆಯಾಗುತ್ತದೆ? ಸಂಜೆ ಜಗಲಿಯ ಮೇಲೆ ಗೆಳೆಯರ ಜೊತೆ ಕೂತು, ದಾರಿಯಲ್ಲಿ ಹೋಗುವವರನ್ನು ತೋರಿಸಿ "ಛೂ" ಅನ್ನುವುದು ಈ ಮನುಷ್ಯನ ಹಳೆಯ ಮೋಜು. ಜನ ಎದ್ದೆನೋ ಬಿದ್ದೆನೋ ಎಂದು ಓಡಬೇಕು, ಇವರು ಹೊಟ್ಟೆ ಹಿಡಿದು ನಗಬೇಕು. ಮರಿಯಿದ್ದಾಗಿನಿಂದ ಆ ನಾಯಿಗೆ ಕಲಿಸಿದ್ದು ಅದೊಂದನ್ನೇ. ಆ ಹೆಂಗಸನ್ನು ಕಚ್ಚಿದ ದಿನವೂ ಹಾಗೆ ಛೂ ಬಿಟ್ಟದ್ದೇ.

ಕೊನೆಗೆ ನಾನೇ ಕೂತೆ. ಮುದ್ದೆಯ ಚೂರು ಕೈಯಲ್ಲಿಟ್ಟುಕೊಂಡು ಮೂರು ತಿಂಗಳು ಒದ್ದಾಡಿದೆ. "ಕುಂತ್ಕ" ಎಂದರೆ ಕೂರುವಷ್ಟಾಯಿತು. ಜನ ಹಾಯ್ದರೂ ಏಳದೆ ನನ್ನ ಕೈಯನ್ನೇ ನೋಡುತ್ತಿತ್ತು. ಅವಳ ಮನೆಗೆ ಹೋಗಿ, "ಇನ್ಮ್ಯಾಲೆ ಓಣಿಯಾಗೇ ಬಾರೇ, ಏನೂ ಮಾಡಲ್ಲ, ನಾನಿದೀನಿ" ಎಂದೆ. ನಂಬಿದಳು. ಒಂದು ವಾರ ನಮ್ಮ ಬಾಗಿಲ ಮುಂದೆಯೇ ಓಡಾಡಿದಳು.

ಅದಾದ ಮರುದಿನ ಸಂಜೆ ಜಗಲಿ ತುಂಬ ಗೆಳೆಯರಿದ್ದರು. ನಾನು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. "ಛೂ" ಕೇಳಿಸಿತು, ಹಿಂದೆಯೇ ಅವಳ ಕೂಗು. ಹೊರಗೆ ಬಂದರೆ ನಾಯಿ ಅವಳ ಅದೇ ಕಾಲನ್ನು ಹಿಡಿದಿತ್ತು. "ಕುಂತ್ಕ" ಎಂದು ಚೀರಿದೆ. ತಕ್ಷಣ ಬಿಟ್ಟು ಕೂತಿತು, ಮುದ್ದೆಗಾಗಿ ಬಾಲ ಆಡಿಸಿತು. ಅದು ನಮ್ಮಿಬ್ಬರ ಮಾತನ್ನೂ ಕೇಳಿತ್ತು.

"ತಮಾಷೆಗಂದೆ ಕಣೇ," ಎಂದ ಗಂಡ. "ಆ ಡಾಕ್ಟ್ರು ಸರಿಯಾಗಿ ಒಡದಿಲ್ಲ."

ಬೆಳಗಾಗುತ್ತಲೇ ಇಂಜೆಕ್ಷನ್ ಹಾಕಿಸಲು ಅವಳನ್ನು ಹಿರಿಯೂರಿಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಗಂಡನನ್ನು ಬಾಯಿಗೆ ಬಂದಂತೆ ಬೈದೆ. ಅವಳು ಕಿಟಕಿಯಾಚೆ ನೋಡುತ್ತಿದ್ದವಳು ನನ್ನ ಕಡೆ ತಿರುಗಿದಳು.

"ಈ ಮಾತೆಲ್ಲ ಅವ್ರ ಮುಂದೆ ಯಾವತ್ತಾರ ಅಂದಿದೀಯೇನಕ್ಕಾ?"

ಅಂದಿರಲಿಲ್ಲ. ನಾಯಿಯನ್ನು ಮೂರು ತಿಂಗಳು ತಿದ್ದಿದವಳು ಗಂಡನ ಎದುರು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಅಷ್ಟೇ ಅಲ್ಲ, ಜನ ಎದ್ದುಬಿದ್ದು ಓಡುವಾಗ ಬಾಗಿಲಲ್ಲಿ ನಿಂತು ನಾನೂ ನಕ್ಕಿದ್ದೇನೆ. ಅವಳು ಅದನ್ನು ನೋಡಿದ್ದಾಳೆ.